ಎರಡು ಬಾಗಿಲಿನ ಮನೆ

ಕಳೆದ ವೈಶಾಖಮಾಸದ ಒಂದು ಸಾಯಂಕಾಲ ನಮ್ಮ ಅತನೂರಲ್ಲಿ ವಿದ್ಯುದ್ದೀಪಗಳು ಹೋದವು. ಎರಡು ತಾಸಿನವರೆಗೆ ಬರಲಿಲ್ಲ. ಬಿಸಿಲುಗಾಲದಲ್ಲಿ ಇದೇನು ನಮಗೆ ಹೊಸದಲ್ಲ. ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಗಾಳಿಯ ದಾರಿ ನೋಡುತ್ತ ಕುಳಿತಿದ್ದೆವು. ರಜೆಗೆಂದು ಕಲಬುರ್ಗಿಯಿಂದ ಬಂದಿದ್ದ ನಮ್ಮ ಮೊಮ್ಮಗಳು ಮಾತ್ರ ಕಂದೀಲಿನ ಬುಡಕ್ಕೆ ಒಂದು ಇಂಗ್ಲಿಷ್ ಪುಸ್ತಕವನ್ನು ಹಿಡಿದುಕೊಂಡು, ಹೆದರುತ್ತ ಹೆದರುತ್ತಲೇ ಓದುತ್ತಿದ್ದಳು. ಅದು ಸ್ಟೀವನ್ಸನ್ನನ ‘ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್’ ಎಂಬ ಕಥೆಯನ್ನು ಮಕ್ಕಳ ಸಲುವಾಗಿ ಸಂಗ್ರಹಿಸಿದ ಚಿಕ್ಕ ಪುಸ್ತಕ. ಮುಗಿಸಿದೊಡನೆ ನಮ್ಮ ಕಡೆಗೆ ತಿರುಗಿ, “ಮುತ್ಯಾ, ಇದ್ರಾಗ ಒಳ್ಳೆಯಾಂವ ಯಾರು, ಕೆಟ್ಟಾಂವ ಯಾರು?” ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದ ನಾಲಗೆ ತಡೆಯುವದೆ? “ಇಬ್ಬರೂ ಒಬ್ಬನೇ” ಎಂದು ದೊಡ್ಡ ತತ್ತ್ವವನ್ನೇ ಹೇಳಿದವರಂತೆ ಹೇಳಿಬಿಟ್ಟೆವು. ಹುಡುಗಿಯು ಸುಮ್ಮನಾಗಲಿಲ್ಲ. “ಒಬ್ಬನs ಇದ್ರ, ಎರಡು ಹೆಸರು ಯಾಕ ಬೇಕಾಗಿದ್ವು ಅವಗ?” ಎಂದಳು.

ಆ ಪ್ರಶ್ನೆಗೆ ಆ ರಾತ್ರಿ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅದನ್ನು ಮನಸ್ಸಿನಲ್ಲಿಯೇ ಮೆಲುಕು ಹಾಕುತ್ತ ಬಂದಿರುವೆವು. ವಾಚಕರ ಮುಂದೆ ಈ ತಿಂಗಳು ಅದನ್ನೇ ಇಡುವೆವು.

ಇಂಗ್ಲಿಷಿನಲ್ಲಿ ಗಾಥಿಕ್ ಎಂದು ಕರೆಯಲ್ಪಡುವ ಭಯಾನಕ ಕಥೆಗಳದೊಂದು ಸಂತತಿಯುಂಟು. ೧೭೬೪ರಲ್ಲಿ ಹೊರೇಸ್ ವಾಲ್ಪೋಲ್ ಎಂಬ ಸಿರಿವಂತನು ಒಟ್ರಾಂಟೋ ಕೋಟೆಯ ಕಥೆಯನ್ನು ಬರೆದನು; ಅದೇ ಈ ಸಂತತಿಯ ಮೂಲಪುರುಷ. ಹಳೆಯ ಕೋಟೆ, ನೆಲಮಾಳಿಗೆ, ಗೋಡೆಯ ಚಿತ್ರದಿಂದ ಇಳಿದು ಬರುವ ಪೂರ್ವಜನು, ಓಡಿಹೋಗುವ ಕನ್ಯೆ—ಇವು ಅದರ ಸಾಮಗ್ರಿ. ಸಂಸ್ಕೃತ ಓದಿದವರಿಗೆ ಇದರಲ್ಲಿ ಅಷ್ಟೇನೂ ಆಶ್ಚರ್ಯವೆನಿಸಲಾರದು. ಭರತಮುನಿಯು ಭಯಾನಕ ರಸಕ್ಕೆ ಹೇಳಿದ ವಿಭಾವಗಳನ್ನು ನೋಡಿರಿ: ವಿಕಾರವಾದ ಧ್ವನಿ, ಭೂತಾದಿಗಳ ದರ್ಶನ, ನರಿ ಗೂಗೆಗಳ ಕೂಗು, ಪಾಳುಮನೆ, ಅಡವಿ. ವಾಲ್ಪೋಲನು ನಾಟ್ಯಶಾಸ್ತ್ರವನ್ನು ಕಂಡವನಲ್ಲ. ಹೆದರಿಕೆಯ ಅಂಗಡಿಯಲ್ಲಿ ಸರಕು ಎಲ್ಲ ಕಡೆಗೂ ಒಂದೇ ಎಂದಷ್ಟೇ ಇದರರ್ಥ. ಎಂಟನೆಯ ಶತಮಾನದ ನಮ್ಮ ಭವಭೂತಿಯು ‘ಮಾಲತೀಮಾಧವ’ದ ಐದನೆಯ ಅಂಕದಲ್ಲಿ ನಾಯಕನನ್ನು ನಡುರಾತ್ರಿ ಸ್ಮಶಾನದಲ್ಲಿ ನಿಲ್ಲಿಸಿ, ಪಿಶಾಚಗಳಿಗೆ ನರಮಾಂಸವನ್ನು ಮಾರಲು ಹಚ್ಚಿ, ಚಾಮುಂಡಿಯ ಗುಡಿಯಲ್ಲಿ ನಾಯಿಕೆಯ ಕೊರಳಿಗೆ ಕತ್ತಿಯನ್ನು ಎತ್ತಿಸಿದ್ದಾನೆ. ಆದರೆ ಅಲ್ಲಿ ಕೆಟ್ಟವನು ಅಘೋರಘಂಟನೆಂಬ ಕಾಪಾಲಿಕ. ಪ್ರೇಕ್ಷಕನು ಹಗುರಾಗಿ ಮನೆಗೆ ಹೋಗಿ ಮಲಗಬಹುದು. ವಾಲ್ಪೋಲನ ಕೋಟೆಯಲ್ಲಿಯೂ ದುಷ್ಟನು ಯಾರೆಂಬ ಬಗ್ಗೆ ಸಂಶಯವಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಟ್ಟವನು ಕೋಟೆಯನ್ನು ಬಿಟ್ಟು ಮನುಷ್ಯನ ಮೈಯೊಳಗೆ ವಸತಿಗೆ ಬಂದನು. ೧೮೧೮ರಲ್ಲಿ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಹೊರಟಿತು. ಫ್ರಾಂಕನ್‌ಸ್ಟೈನನೆಂಬದು ವಿಕಾರರೂಪಿಯ ಹೆಸರಲ್ಲ, ಅವನನ್ನು ನಿರ್ಮಿಸಿ, ಮುಖ ನೋಡಿ, ಅಸಹ್ಯಪಟ್ಟು ಓಡಿಹೋದ ವಿದ್ಯಾವಂತನ ಹೆಸರು. ಹುಟ್ಟಿದವನಿಗೆ ಹೆಸರೇ ಇಲ್ಲ. ಲೋಕದ ಜನ ಮಾತ್ರ ಆ ವಿಕಾರರೂಪಿಯನ್ನೇ ಫ್ರಾಂಕನ್‌ಸ್ಟೈನನೆಂದು ಇಂದಿಗೂ ಕರೆಯುತ್ತಾರೆ. ಪಂಡಿತರು ಇದನ್ನು ತಪ್ಪೆಂದು ತಿದ್ದುವದುಂಟು. ನಮಗಂತೂ ಪಂಡಿತರ ತಿದ್ದುಪಡಿಗಿಂತ ಜನರ ತಪ್ಪೇ ಹೆಚ್ಚು ಸರಿಯೆನಿಸುವದು; ಮಾಡಿದವನು ಹೆಸರು ಕೊಡಲೊಲ್ಲದೆ ಹೋದರೆ ಜನರು ಮಾಡಿದವನ ಹೆಸರನ್ನೇ ಇಟ್ಟರು.

ಈಗ ಜೆಕಿಲನ ಕಥೆಗೆ ಬರೋಣ. ಇದು ಹೊರಟದ್ದು ೧೮೮೬ರ ಜನವರಿಯಲ್ಲಿ. ಜೆಕಿಲನು ಲಂಡನ್ ನಗರದ ಪ್ರತಿಷ್ಠಿತ ವೈದ್ಯ. ದಾನಿ, ಸಭ್ಯ, ಸ್ನೇಹಿತರಿಗೆ ಔತಣ ಮಾಡಿಸುವವನು. ಅವನ ಮನೆಯ ಮುಂಬಾಗಿಲು ಒಂದು ಗೌರವಸ್ಥರ ಚೌಕದ ಕಡೆಗಿದೆ. ಅದೇ ಮನೆಗೆ ಹಿಂದುಗಡೆಯ ಓಣಿಯಲ್ಲಿ ಮತ್ತೊಂದು ಬಾಗಿಲು. ಅದಕ್ಕೆ ಗಂಟೆಯಿಲ್ಲ, ಬಡಿಯುವ ಬಳೆಯಿಲ್ಲ, ಬಣ್ಣ ಬೊಕ್ಕೆಯೆದ್ದು ಹೋಗಿದೆ. ಆ ಬಾಗಿಲಿನಿಂದ ಹೊಕ್ಕು ಹೊರಡುವವನು ಹೈಡ್ ಎಂಬ ಕುಳ್ಳ. ಈ ಎರಡು ಬಾಗಿಲು ಒಂದೇ ಮನೆಯವೆಂಬುದು ನೋಡಿದೊಡನೆ ಲಕ್ಷ್ಯಕ್ಕೆ ಬಾರದು. ಜೆಕಿಲನು ಒಂದು ಔಷಧವನ್ನು ಸಿದ್ಧಪಡಿಸಿ, ಅದನ್ನು ಕುಡಿದು ಹೈಡನಾಗುತ್ತಾನೆ. ಹೈಡನು ಅದನ್ನೇ ಕುಡಿದು ಮತ್ತೆ ಜೆಕಿಲನಾಗುತ್ತಾನೆ. ಹೈಡನು ದಾರಿಯಲ್ಲಿ ಒಂದು ಹುಡುಗಿಯನ್ನು ತುಳಿದು ಹೋಗುವನು. ಒಬ್ಬ ವೃದ್ಧ ಗೃಹಸ್ಥನನ್ನು ಕೋಲಿನಿಂದ ಬಡಿದು ಕೊಲ್ಲುವನು.

ಜೆಕಿಲನು ಒಳ್ಳೆಯವ, ಹೈಡನು ಕೆಟ್ಟವ ಎಂದು ಹೇಳುವದು ವಾಡಿಕೆ. ಪುಸ್ತಕವನ್ನು ಲಕ್ಷ್ಯಪೂರ್ವಕ ಓದಿದವರು ಹೀಗೆ ಹೇಳಲಾರರು. ಔಷಧದಿಂದ ಹುಟ್ಟಿದ ಹೈಡನು ಅಪ್ಪಟ ಕೆಟ್ಟವನೇನೋ ಹೌದು. ಆದರೆ ಔಷಧದಿಂದ ಅಪ್ಪಟ ಒಳ್ಳೆಯವನು ಹುಟ್ಟಲೇ ಇಲ್ಲ! ಜೆಕಿಲನು ಮೊದಲಿದ್ದಂತೆಯೇ ಮಿಶ್ರವಾಗಿ ಉಳಿದನು. ಹಾಲಿನಿಂದ ನೀರನ್ನು ಬೇರ್ಪಡಿಸಹೋದವನ ಕೈಗೆ ಒಂದು ತಂಬಿಗೆ ನೀರು ಬಂದಿತು. ಇನ್ನೊಂದರಲ್ಲಿ ಅದೇ ನೀರುಹಾಲು. ಒಳ್ಳೆಯತನವನ್ನು ಹೆಚ್ಚಿಸಿಕೊಳ್ಳುವದೂ ಅವನ ಉದ್ದೇಶವಾಗಿರಲಿಲ್ಲ. ಅವನಿಗೆ ಬೇಕಾದದ್ದು, ತಲೆಯೆತ್ತಿ ನಡೆಯುವ ಮಾನ ಒಂದು ಕಡೆಗೆ, ಆ ಮಾನಕ್ಕೆ ಧಕ್ಕೆಯಾಗದ ಸುಖ ಇನ್ನೊಂದು ಕಡೆಗೆ. ಎರಡು ಹೆಸರು ಯಾಕೆ ಬೇಕಾದವೆಂಬ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರವು ಇಲ್ಲಿದೆ.

ಇನ್ನರ್ಧವು ವ್ಯಾಕರಣದಲ್ಲಿದೆ. ವಾಚಕರು ನಗಬಾರದು, ಸಂಸ್ಕೃತದ ಮಾಸ್ತರರು ಎಲ್ಲಿಗೆ ಹೋದರೂ ಕೊನೆಗೆ ವ್ಯಾಕರಣದ ಕಟ್ಟೆಗೇ ಬಂದು ಕೂಡ್ರುವರು. ಇಂಗ್ಲಿಷರಲ್ಲಿ ‘ನಾನು’ ಎಂಬದು ಮೊದಲನೆಯ ಪುರುಷ. ನಮ್ಮ ಶಾಸ್ತ್ರದಲ್ಲಿ ಮೊದಲು ಬರುವವನು ‘ಅವನು’—ಪ್ರಥಮ ಪುರುಷ, ತರುವಾಯ ‘ನೀನು’—ಮಧ್ಯಮ, ಕಟ್ಟಕಡೆಗೆ ‘ನಾನು’—ಅವನಿಗೆ ಉತ್ತಮ ಪುರುಷನೆಂದು ಹೆಸರು. ಉತ್ತಮವೆಂದರೆ ಶ್ರೇಷ್ಠವೆಂದೂ ಆಗುವದು, ಕೊನೆಯದೆಂದೂ ಆಗುವದು. ಜೆಕಿಲನು ಸಾಯುವ ಮುಂಚೆ ಬರೆದಿಟ್ಟ ನಿವೇದನೆಯು ‘ನಾನು’ ಎಂದೇ ಆರಂಭವಾಗುವದು. ಹೈಡನ ಪಾತಕಗಳು ಏರಿದಂತೆ ಅವನ ಲೇಖನಿಯು ಹಿಂಜರಿದು, ಹೈಡನನ್ನು ಕುರಿತು ‘ಅವನು’ ಎನ್ನುತ್ತದೆ. ‘ನಾನು’ ಎನ್ನಲು ತನಗೆ ಬಾರದೆಂದು ಅವನೇ ಬಾಯಿಬಿಟ್ಟು ಹೇಳುವನು. ಈ ಕಥೆಯಲ್ಲಿ ರಕ್ತಪಾತಕ್ಕಿಂತ ಭಯಂಕರವಾದದ್ದು ಈ ಸರ್ವನಾಮದ ಪಲ್ಲಟ. ಒಂದು ಮುಂಜಾನೆ ಜೆಕಿಲನಾಗಿ ಮಲಗಿದವನು ಎಚ್ಚತ್ತು ಹಾಸಿಗೆಯ ಮೇಲಿನ ತನ್ನ ಕೈಯನ್ನು ನೋಡುತ್ತಾನೆ: ಅದು ನರಗಳೆದ್ದ, ರೋಮ ತುಂಬಿದ ಹೈಡನ ಕೈ. ಆ ಕೈ ತನ್ನದಲ್ಲವೆಂದು ಹೇಳಬೇಕಾದರೆ ಯಾವ ಭುಜಕ್ಕೆ ಅದು ಅಂಟಿದೆ ಎಂಬದನ್ನು ಮರೆಯಬೇಕು.

ಸ್ಟೀವನ್ಸನ್ನನಿಗೆ ಇಂಥ ಕಲ್ಪನೆಯು ಗಾಳಿಯಿಂದ ಬಂದದ್ದಲ್ಲ. ಅವನು ಹುಟ್ಟಿ ಬೆಳೆದ ಎಡಿನ್‌ಬರೋ ಪಟ್ಟಣದಲ್ಲಿ ವಿಲಿಯಂ ಬ್ರೋಡಿ ಎಂಬವನಿದ್ದನು. ಹಗಲು ಅವನು ಬಡಿಗರ ಸಂಘದ ಹಿರಿಯ, ನಗರಸಭೆಯ ಸದಸ್ಯ. ರಾತ್ರಿ ತಾನು ಹಗಲು ಕೆಲಸ ಮಾಡಿದ ಮನೆಗಳ ಕೀಲಿಗಳ ನಕಲು ಹಿಡಿದುಕೊಂಡು ಕಳುವಿಗೆ ಹೊರಡುವವನು. ೧೭೮೮ರಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಅವನ ಕೈಯಿಂದಾದ ಒಂದು ಕಪಾಟು ಸ್ಟೀವನ್ಸನ್ನನ ಮನೆಯಲ್ಲಿಯೇ ಇತ್ತು. ಅವನನ್ನು ಕುರಿತು ಸ್ಟೀವನ್ಸನ್ನನು ಗೆಳೆಯನೊಡಗೂಡಿ ನಾಟಕವನ್ನೂ ಬರೆದಿರುವನು.

ಬ್ರೋಡಿಯ ಹೆಸರು ಬಂದಾಗೆಲ್ಲ ನಮಗೆ ನೆನಪಾಗುವವನು ಕನ್ನಡದ ವಿದ್ಯುಚ್ಚೋರ. ‘ವಡ್ಡಾರಾಧನೆ’ಯು ಕನ್ನಡದ ಅತಿ ಹಳೆಯ ಗದ್ಯಗ್ರಂಥಗಳಲ್ಲೊಂದು, ಹತ್ತನೆಯ ಶತಮಾನದ್ದೆಂದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅದರ ಹತ್ತೊಂಬತ್ತು ಕಥೆಗಳಲ್ಲಿ ಇವನದೊಂದು. ಮಿಥಿಳಾಪುರದ ಪಾಳುಗುಡಿಯಲ್ಲಿ ಹಗಲೆಲ್ಲ ಕುಷ್ಠರೋಗಿಯಾಗಿ ಬಿದ್ದಿರುವವನು, ಕತ್ತಲಾದೊಡನೆ ವಿದ್ಯಾಬಲದಿಂದ ದಿವ್ಯರೂಪವನ್ನು ತಾಳಿ ಊರನ್ನು ದೋಚುವನು. ಕೊನೆಗೆ ಅರಸನ ಹಾರವನ್ನೇ ಕದ್ದನು. ತಳವಾರನಾದ ಯಮದಂಡನು ಗಡುವಿನೊಳಗೆ ಕಳ್ಳನನ್ನು ತರದಿದ್ದರೆ ತಾನೇ ದಂಡನೆಗೆ ಗುರಿಯಾಗಬೇಕು. ಹುಡುಕಿ ಹುಡುಕಿ ಅವನು ಕುಷ್ಠಿಯನ್ನು ಎಳೆದುತಂದು ನಿಲ್ಲಿಸಿದನು. ನೋಡಿದವರಿಗೆ ಮರುಕ: ಈ ಬಡಪಾಯಿ ಕಳ್ಳನೆ? ಬಗೆಬಗೆಯಾಗಿ ದಂಡಿಸಿದರೂ ಅವನು ಒಪ್ಪಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುವೆವು. ಜೆಕಿಲನು ರಾತ್ರಿಯ ಕೆಲಸಕ್ಕೆ ಕುರೂಪವನ್ನು ತಾಳಿದನು. ನಮ್ಮ ಕಳ್ಳನು ಹಗಲಿಗೆ ಕುರೂಪವನ್ನು ತಾಳಿದನು. ಯಾವನು ಹೆಚ್ಚು ಜಾಣ? ವಿದ್ಯುಚ್ಚೋರನೇ ಎಂದು ನಮ್ಮ ಮತ. ಯಾಕಂದರೆ ಪಾಳುಗುಡಿಯ ಕುಷ್ಠಿಯ ಮುಖವನ್ನು ಯಾರೂ ನೋಡರು. ಕಣ್ಣು ಅವನ ಹುಣ್ಣಿನವರೆಗೆ ಹೋಗಿ ಮರಳುವದು. ಜನರ ಈ ಅಸಹ್ಯವೇ ಅವನಿಗೆ ಕಂಬಳಿಯಾಯಿತು.

ಆದರೆ ಕಥೆಯ ತಿರುಳು ಮುಂದೆ ಇದೆ. ಪೆಟ್ಟಿಗೆ ಬಗ್ಗದವನನ್ನು ಅರಸನು ಅಭಯ ಕೊಟ್ಟು ಕೇಳಿದನು. ಆಗ ಅವನು ಕದ್ದವನು ತಾನೇ ಎಂದು ಒಪ್ಪಿಕೊಂಡನು. ವರವನ್ನು ಬೇಡೆಂದರೆ, ತನ್ನನ್ನು ಹಿಡಿದ ಯಮದಂಡನನ್ನು ಬಿಡಬೇಕೆಂದು ಬೇಡಿದನು. ಅವರಿಬ್ಬರು ಎಳೆತನದ ಗೆಳೆಯರು, ಒಬ್ಬನು ಕಳ್ಳವಿದ್ಯೆಯನ್ನೂ ಒಬ್ಬನು ಕಾವಲ ವಿದ್ಯೆಯನ್ನೂ ಕಲಿತವರು. ಮುಂದೆ ಈ ಕಳ್ಳನೇ ರಿಸಿಯಾದನು. ರೂಪಗಳು ಎರಡಿದ್ದವು, ಕೇಳುವವರು ಸಿಕ್ಕಾಗ ಸರ್ವನಾಮವು ಒಂದೇ ಆಯಿತು. ಜೆಕಿಲನಿಗೂ ಗೆಳೆಯರಿದ್ದರು. ಅಟರ್ಸನ್ ಎಂಬ ವಕೀಲನು ಬಾಗಿಲವರೆಗೆ ಬಂದು, ಇದ್ದದ್ದನ್ನು ಹೇಳು, ಪಾರು ಮಾಡುವೆನೆಂದು ಅಂಗಲಾಚಿದನು. ಜೆಕಿಲನು ಹೇಳಿದ್ದು ಕಾಗದಕ್ಕೆ. ಮೊಹರು ಮಾಡಿದ ಪಾಕೀಟಿನಲ್ಲಿ. ಓದುವವರು ಒಡೆಯುವ ಹೊತ್ತಿಗೆ ತಾನು ಇರದಂತೆ.

೧೨೦೯ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯನ್ನು ಈ ಸಂದರ್ಭದಲ್ಲಿ ಬಿಡಲಾಗದು. ಭಯಾನಕ ಬೀಭತ್ಸಗಳಲ್ಲಿ ಅದನ್ನು ಮೀರಿಸುವ ಕಾವ್ಯ ಕನ್ನಡದಲ್ಲಿ ವಿರಳ. ಚಂಡಮಾರಿಯ ಜಾತ್ರೆಗೆ ಬಲಿಕೊಡಲು ಇಬ್ಬರು ಎಳೆಯರನ್ನು ಹಿಡಿದು ತಂದಿದ್ದಾರೆ. ಮಾರಿದತ್ತರಾಜನು ಕತ್ತಿ ಹಿಡಿದು ನಿಂತಿದ್ದಾನೆ. ಆ ಹುಡುಗನು ಹೆದರದೆ ತನ್ನ ಹಿಂದಿನ ಜನ್ಮಗಳ ಕಥೆಯನ್ನು ಹೇಳುವನು. ತಾನು ಯಶೋಧರನೆಂಬ ಅರಸನಾಗಿದ್ದೆ. ಹೆಂಡತಿಯಾದ ಅಮೃತಮತಿಯು ವಿಕಾರರೂಪಿಯಾದ ಮಾವುತನ ಹಾಡಿಗೆ ಒಲಿದದ್ದನ್ನು ಕಣ್ಣಾರೆ ಕಂಡೆ. ಕತ್ತಿಯನ್ನೆತ್ತಿ, ಮತ್ತೆ ತಡೆದುಕೊಂಡೆ. ಕೆಟ್ಟ ಕನಸೆಂದು ತಾಯಿಗೆ ನೆವ ಹೇಳಿದರೆ ಆಕೆ ಶಾಂತಿಗೆ ಬಲಿ ಕೊಡೆಂದಳು. ಜೀವಹಿಂಸೆ ಒಲ್ಲೆನೆಂದಾಗ ಹಿಟ್ಟಿನ ಕೋಳಿಯಲ್ಲಿ ಒಡಂಬಡಿಕೆಯಾಯಿತು. ಹಿಟ್ಟಿಗೆ ಜೀವವಿಲ್ಲ, ಆದುದರಿಂದ ಕೊಂದಂತಲ್ಲ! ಆದರೆ ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು. ಈ ಕೂಗಿನಂಥ ಭಯಾನಕವನ್ನು ನಾವು ವಾಲ್ಪೋಲನ ಕೋಟೆಯಲ್ಲಿ ಎಲ್ಲಿಯೂ ಕೇಳಲಿಲ್ಲ. ಹಿಟ್ಟಿನ ಕೋಳಿಯೆಂದರೆ ಮತ್ತೇನು, ಯಶೋಧರನ ಹೈಡ್: ಕೈಯೂ ಆಡಬೇಕು, ಕೈಗೆ ಕಲೆಯೂ ಹತ್ತಬಾರದು. ಮುಂದೆ ತಾಯಿ ಮಗ ಇಬ್ಬರೂ ನವಿಲಾಗಿ ನಾಯಾಗಿ ಜನ್ಮ ಜನ್ಮ ತೊಳಲಿದರು. ಆ ತೊಳಲಾಟವನ್ನು ಆ ಹುಡುಗನು ತನ್ನದೆಂದೇ ಹೇಳುವನು. ನವಿಲಿನ ಜನ್ಮವನ್ನು ಇನ್ನೊಬ್ಬರ ಲೆಕ್ಕಕ್ಕೆ ಹಾಕಲಿಲ್ಲ. ಕೇಳಿದ ಮಾರಿದತ್ತನ ಕತ್ತಿ ಕೆಳಗಿಳಿಯಿತು.

ಗ್ರಂಥಗಳ ಮಾತಾಯಿತು, ಇನ್ನು ನಮ್ಮ ತಾಲೂಕಿನ ಮಾತು. ಭೀಮಾ ಅಮರ್ಜಾ ನದಿಗಳ ಸಂಗಮದ ಗಾಣಗಾಪುರವು ನಮ್ಮ ಅಫಜಲಪುರ ತಾಲೂಕಿನದೇ. ಶ್ರೀ ನೃಸಿಂಹ ಸರಸ್ವತಿಯವರ ಪಾದುಕೆಗಳಿರುವ ಆ ದತ್ತಕ್ಷೇತ್ರಕ್ಕೆ ಪೀಡೆ ಹಿಡಿದವರೆನಿಸಿಕೊಂಡವರನ್ನು ದೂರದೂರದಿಂದ ಕರೆತರುವ ರೂಢಿಯುಂಟು. ಮಧ್ಯಾಹ್ನದ ಮಂಗಳಾರತಿಯ ಹೊತ್ತಿಗೆ ಅಂಥವರು ಕೂಗುವದನ್ನೂ ಕಂಬವನ್ನು ಏರಿ ಜೋತುಬೀಳುವದನ್ನೂ ನಾವು ಚಿಕ್ಕಂದಿನಿಂದ ಕಂಡವರು. ರೋಗಕ್ಕೆ ವೈದ್ಯರಿದ್ದಾರೆ, ಅವರ ಹತ್ತಿರ ಹೋಗಬೇಕು. ಭೂತ ಬಿಡಿಸುವ ನೆವದಿಂದ ಹೊಡೆಯುವದಂತೂ ನಮ್ಮ ರಾಜ್ಯದ ೨೦೧೭ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯಿದೆಯ ಮೇರೆಗೆ ಅಪರಾಧವೇ ಆಗಿದೆ. ನಾವು ಹೇಳಹೊರಟದ್ದು ಬೇರೆ. ಅಲ್ಲಿ ಕೂಗುವ ಒಬ್ಬ ಸೊಸೆಯ ಬಾಯಲ್ಲಿ ‘ನಾನು’ ಎಂದು ಬರುವವನು ಬೇರೆ ಯಾವನೋ. ಆಕೆಯೇ ಅವಳ ಬಾಯಲ್ಲಿ ‘ಇಕಿ’ ಆಗಿರುವಳು. ಇಕಿಗೆ ಉಣ್ಣಲಿಕ್ಕೆ ಕೊಡುವದಿಲ್ಲ, ಇಕಿಯನ್ನು ತವರಿಗೆ ಕಳಿಸುವದಿಲ್ಲ ಎಂದು ಆ ದನಿ ಕೂಗುವಾಗ, ಅತ್ತೆಯೂ ಗಂಡನೂ ಕೈಮುಗಿದು ಕೇಳುವರು. ಅದೇ ಮಾತನ್ನು ಆಕೆ ಅಡಿಗೆಯ ಮನೆಯಲ್ಲಿ ‘ನನಗೆ’ ಎಂದು ಹೇಳಿದ್ದರೆ ಯಾರು ಕೇಳುತ್ತಿದ್ದರು? ಕೇಳುವವರಿಲ್ಲವೆಂದು ಆಕೆ ‘ನಾನು’ ಎನ್ನಲಿಲ್ಲ. ಎಲ್ಲರೂ ಕೇಳಿಯಾರೆಂದು ಜೆಕಿಲನು ‘ನಾನು’ ಎನ್ನಲಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ಅನ್ಯಾಯ.

ಗುರುಚರಿತ್ರೆಯಲ್ಲಿ ಅದೇ ಗಾಣಗಾಪುರದ ಒಬ್ಬ ಬ್ರಹ್ಮರಾಕ್ಷಸನ ಕಥೆಯಿದೆ. ಬ್ರಹ್ಮರಾಕ್ಷಸನೆಂದರೆ ನಮ್ಮ ದೇಶದ ಜೆಕಿಲನೇ ಸರಿ. ಓದಿದವನು, ಓದನ್ನು ಕೆಡಿಸಿದವನು, ಹೆಸರಿನಲ್ಲಿಯೇ ಬ್ರಹ್ಮವೂ ರಾಕ್ಷಸವೂ ಕೂಡಿದವನು. ಅವನಿದ್ದ ಅಶ್ವತ್ಥವೃಕ್ಷಕ್ಕೆ ಅಂಜಿ ಪಕ್ಕದ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಗುರುಗಳು ಆ ಮನೆಯನ್ನೇ ತಮ್ಮ ವಸತಿಗೆ ಆರಿಸಿಕೊಂಡರು. ಅವನು ಇಳಿದುಬಂದು ಕಾಲಿಗೆ ಬಿದ್ದು ಉದ್ಧಾರವನ್ನು ಬೇಡಿದಾಗ, ಹೊಡೆಯಲಿಲ್ಲ, ಕಟ್ಟಲಿಲ್ಲ. ಸಂಗಮಕ್ಕೆ ಹೋಗಿ ಸ್ನಾನ ಮಾಡೆಂದರು. ಇಷ್ಟೇ ಕಥೆ.

ಬ್ರಹ್ಮರಾಕ್ಷಸರ ವಿಷಯ ಬಂದಮೇಲೆ ಮಾಸ್ತರರ ವಿಷಯಕ್ಕೆ ಬರಲು ಬಹಳ ದೂರವಿಲ್ಲ.

೧೯೯೬ರಲ್ಲಿ ನಾವು ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಒಂದು ದಿನ ಒಬ್ಬ ಹುಡುಗನ ಹೊಸ ಕಂಪಾಸ ಪೆಟ್ಟಿಗೆ ಕಾಣದಾಯಿತು. ಹಿಂದಿನ ಸಾಲಿನ ಇನ್ನೊಬ್ಬ ಹುಡುಗನ ಮೇಲೆ ಸಂಶಯ ಬಂದಿತು. ಸಂಶಯಕ್ಕೆ ಕಾರಣವೇನು? ಅವನ ಅಂಗಿ ಹರಿದಿತ್ತು, ಅವನಲ್ಲಿ ಕಂಪಾಸವಿರಲಿಲ್ಲ. ಬೇರೆ ಸಾಕ್ಷಿಯಿಲ್ಲ. ನಮ್ಮ ಕಣ್ಣು ಅಂಗಿಯವರೆಗೆ ಹೋಗಿ ಮರಳಿತು. ಅವನು ತಾನು ತೆಗೆದುಕೊಂಡಿಲ್ಲವೆಂದನು. ಅಂಗೈಯ ಮೇಲೆ ಛಡಿಯ ಏಟುಗಳು ಬಿದ್ದವು.

ಈ ಲೇಖನವನ್ನು ಬರೆಯುವಾಗ ಆ ಕೊನೆಯ ವಾಕ್ಯವನ್ನು ಹೀಗೆಯೇ ಬರೆದು ಮುಂದೆ ಹೋಗಿದ್ದೆವು. ಮೊಮ್ಮಗಳು ಬೆನ್ನ ಹಿಂದೆ ನಿಂತು ಓದಿ, “ಮುತ್ಯಾ, ಕರ್ತೃಪದ ಎಲ್ಲದ?” ಎಂದಳು. ಅವಳಿಗೆ ವ್ಯಾಕರಣ ಹೇಳಿಕೊಟ್ಟವರು ನಾವೇ. ಆದುದರಿಂದ ತಿದ್ದಿ ಬರೆಯುವೆವು: ಹೊಡೆದವರು ನಾವು. ಈ ಅಂಕಣದಲ್ಲಿ ‘ನಾವು’ ಎಂದು ಬರೆಯುವದು ವಾಡಿಕೆ, ಬಹುವಚನದಲ್ಲಿ ಅಡಗಿಕೊಳ್ಳಲು ಜಾಗವೂ ಉಂಟು; ಆದರೆ ಛಡಿ ಹಿಡಿದ ಕೈ ಒಂದೇ ಇತ್ತು. ಎಷ್ಟು ಏಟೆಂಬದು ಎಣಿಕೆ ತಪ್ಪಿತು. ಅವನ ಕೈ ಬಾತು, ಪಾಟಿಯ ಮೇಲೆ ಬಳಪ ಹಿಡಿಯದಾಯಿತು. ಆಗ ನಡೆದಿದ್ದ ಪಾಠ ಯಾವದೆಂಬದು ನೆನಪಿಲ್ಲ. ಕ್ಷಮೆಯ ಸುಭಾಷಿತವೆಂದು ಬರೆದರೆ ಕಥೆ ಸೊಗಸಾದೀತು, ಆದರೆ ಸುಳ್ಳಾದೀತು. ಸಾಯಂಕಾಲ ಸಹೋದ್ಯೋಗಿಗಳ ಎದುರಿಗೆ, “ಇವತ್ತ ಮೈಮ್ಯಾಲ ಏನು ಬಂದಿತ್ತೋ ಏನೋ” ಎಂದೆವು. ಅವರು ಸಮಾಧಾನ ಹೇಳಿದರು. ನಮ್ಮ ಔಷಧವು ಅಷ್ಟೇ ಅಗ್ಗವಾಗಿತ್ತು. ಒಂದು ವಾಕ್ಯ, ಒಂದು ಕಪ್ಪು ಚಹ.

ಎರಡು ದಿನಕ್ಕೆ ಕಂಪಾಸವು ಅದರ ಒಡೆಯನ ಮನೆಯ ಗೂಡಿನಲ್ಲಿಯೇ ಸಿಕ್ಕಿತು. ಹುಡುಗನ ತಂದೆ ಬಂದು ನಮಗೆ ತಿಳಿಸಿ ಹೋದರು. ನಾವು ತರಗತಿಯಲ್ಲಿ ಅದನ್ನು 
ಹೇಳಲಿಲ್ಲ.

ನಾಗಚಂದ್ರನ ರಾವಣನನ್ನು ವಾಚಕರು ಬಲ್ಲರು. ಭೀಮೆಯಾಚೆಯ ವಿಜಯಪುರದೊಡನೆ ಸಂಬಂಧವುಳ್ಳ ಆ ಕವಿಯು ರಾವಣನನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ಹಿಡಿದವನು ಒಮ್ಮೆ ಮರ್ಯಾದೆಯ ದಡ ಮೀರಿದನು. ಕೊನೆಗೆ ಸೀತೆಯ ದುಃಖವನ್ನು ಕಂಡು ಮನಸ್ಸು ತಿರುಗಿ, ಅವಳನ್ನು ಒಪ್ಪಿಸಬೇಕೆಂದು ನಿಶ್ಚಯಿಸಿದನು. ಆದರೆ ಈಗಲ್ಲ! ಈಗ ಒಪ್ಪಿಸಿದರೆ ಅಂಜಿದನೆಂದು ಜನ ಅಂದಾರು. ಯುದ್ಧದಲ್ಲಿ ಗೆದ್ದು, ರಾಮಲಕ್ಷ್ಮಣರನ್ನು ಹಿಡಿದು ತಂದು, ಆಮೇಲೆ ಒಪ್ಪಿಸುವೆನೆಂದನು. ಈ ‘ಆಮೇಲೆ’ಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದೆವೋ! ಮತ್ತು ಅದೇ ವರ್ಷ, ವಾರ್ಷಿಕ ಪರೀಕ್ಷೆ ಮುಗಿಯಲಿ, ಆಮೇಲೆ ಆ ಹುಡುಗನನ್ನು ಕರೆದು ಹೇಳೋಣವೆಂದುಕೊಂಡೆವು. ಈಗ ಹೇಳಿದರೆ ತರಗತಿಯ ಶಿಸ್ತು ಕೆಟ್ಟೀತು. ಮುಂದಿನ ಜೂನಿನಲ್ಲಿ ಅವನು ಶಾಲೆಗೆ ಬರಲಿಲ್ಲ. ಕಾರಣ ಅದೇ ಎಂದು ಹೇಳಲಾರೆವು, ಅಲ್ಲವೆಂದೂ ಹೇಳಲಾರೆವು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳನ್ನು ಹೊಡೆಯುವದನ್ನು ನಿಷೇಧಿಸಿದಾಗ ನಾವು ಛಡಿಯನ್ನು ಬಿಟ್ಟು ಆಗಲೇ ಬಹಳ ವರ್ಷಗಳಾಗಿದ್ದವು. ಅದಕ್ಕಾಗಿ ನಮ್ಮನ್ನು ಹೊಗಳಿದವರೂ ಉಂಟು. ಹೊಗಳಿಕೆಯನ್ನು ಸ್ವೀಕರಿಸಿದೆವು.

ಕಳೆದ ದತ್ತಜಯಂತಿಗೆ ಗಾಣಗಾಪುರಕ್ಕೆ ಹೋಗಿದ್ದೆವು. ಮಂಗಳಾರತಿ ಮುಗಿದು, ಜನರು ಮಧುಕರಿಗೆ ಚದುರಿದ ಹೊತ್ತು. ನಾಲ್ವತ್ತು ವರ್ಷದ ಒಬ್ಬ ಗೃಹಸ್ಥನು ಮಗನ ಕೈಹಿಡಿದು ನಮ್ಮ ಎದುರಿಗೆ ಬಂದು ಕಾಲುಮುಟ್ಟಿ ನಮಸ್ಕರಿಸಿದನು. ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿರುವನಂತೆ. ಮುಖವು ಕೂಡಲೆ ಗುರುತಾಯಿತು. ಆ ಮುಖವನ್ನು ಮರೆಯಲು ಪ್ರಯತ್ನಿಸಿದವರಿಗೆ ಗುರುತಾಗದೆ ಇದ್ದೀತೆ? “ಸರ್‌ಗೆ ನಮಸ್ಕಾರ ಮಾಡೋ, ಇವರs ನಮಗ ಕಲಿಸಿದವರು. ಭಾಳ ಒಳ್ಳೆಯವರು” ಎಂದು ಮಗನಿಗೆ ಹೇಳಿದನು.

ಸುಮ್ಮನಿರಬಹುದಿತ್ತು. ಮುಂಬಾಗಿಲು ತೆರೆದೇ ಇತ್ತು, ಅದರಲ್ಲಿ ನಿಂತು ಆಶೀರ್ವಾದ ಮಾಡಿ ಕಳಿಸಿದ್ದರೆ ಆಗುತ್ತಿತ್ತು. ನಾವು ಅವನನ್ನು ಕಟ್ಟೆಯ ಮೇಲೆ ಕೂಡ್ರಿಸಿಕೊಂಡು, ಒಂದು ದಿನ ನಿನ್ನನ್ನು ಛಡಿಯಿಂದ ಹೊಡೆದದ್ದು ನೆನಪಿದೆಯೇ ಎಂದು ಕೇಳಿದೆವು. ಅವನು ನಕ್ಕು, “ಎಲ್ಲಿ ನೆನಪ ಸರ್, ಮೂವತ್ತ ವರ್ಷ ಆಗ್ಲಿಕ್ಕ ಬಂತು. ಎಲ್ಲಾ ಮರ್ತೀನ್ರಿ” ಎಂದನು. ತುಸು ಹೊತ್ತು ಹೆಗಲ ಮೇಲಿನ ಟವಲನ್ನು ತೆಗೆದು ಮಡಿಸುತ್ತ ಕುಳಿತು, ನೆಲವನ್ನು ನೋಡುತ್ತ ಕೇಳಿದನು: “ಆ ಕಂಪಾಸ ಕಡೀಕ ಸಿಕ್ತೇನ್ರಿ ಸರ್?”

ಕಂಪಾಸದ ಮಾತನ್ನು ನಾವು ಎತ್ತಿರಲಿಲ್ಲ.

“ಸಿಕ್ತು. ಎರಡs ದಿನಕ್ಕ ಸಿಕ್ತು. ನೀ ತಗೊಂಡಿದ್ದಿಲ್ಲ. ಗೊತ್ತಾದ ಮ್ಯಾಲೂ ನಾ ನಿನಗ ಹೇಳಲಿಲ್ಲ” ಎಂದೆವು. “ಹೊಡದಾಂವನೂ ನಾನs, ಮುಚ್ಚಿಟ್ಟಾಂವನೂ ನಾನs.”

ಅವನು ನಮಗೆ ಏನನ್ನೂ ಹೇಳಲಿಲ್ಲ. ದೂರದಲ್ಲಿ ಆಡುತ್ತಿದ್ದ ಮಗನನ್ನು ಹತ್ತಿರ ಕರೆದನು. ಹುಡುಗನು ಬಂದು ನಿಂತ ಮೇಲೆ ಅವನ ಭುಜದ ಮೇಲೆ ಕೈಯಿಟ್ಟು, “ಸರ್ ಹೇಳಿದ್ದು ಕೇಳ್ದೇನು? ನಿಮ್ಮಪ್ಪ ಕದ್ದಿದ್ದಿಲ್ಲ” ಎಂದನು. ಹುಡುಗನಿಗೆ ಏನೂ ತಿಳಿಯದೆ ಒಮ್ಮೆ ಅವನ ಮುಖವನ್ನೂ ಒಮ್ಮೆ ನಮ್ಮ ಮುಖವನ್ನೂ ನೋಡಿದನು. ತರುವಾಯ ತಂದೆಮಕ್ಕಳು ಎದ್ದು ಸಂಗಮದ ದಾರಿಯನ್ನು ಹಿಡಿದರು.